ಸೀತಾನದಿಯ ಅಳಿವೆಯಲ್ಲಿ ಎರಡು ದಿನ

ಕಳೆದ ಪುಷ್ಯಮಾಸದಲ್ಲಿ ನನ್ನ ಮಗಳೂ ಅಳಿಯನೂ ತಮ್ಮ ಮಕ್ಕಳಿಬ್ಬರನ್ನು ಕರೆದುಕೊಂಡು ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಬಂದಿದ್ದರು. ರಜೆ ನಾಲ್ಕೇ ದಿನ. ಅದರಲ್ಲಿ ಎರಡು ದಿನ ಎಲ್ಲಿಯಾದರೂ ಹೊಳೆಯ ದಡದಲ್ಲಿದ್ದು ಬರಬೇಕು, ಅಲ್ಲಿ ಕಯಾಕ್ ಎಂಬ ಸಣ್ಣ ದೋಣಿಯನ್ನು ತಾವೇ ನಡೆಸಬೇಕು ಎಂಬುದು ಮಕ್ಕಳ ಹಟ. ಅವರ ತಂದೆಗೂ ಅದೇ ಮನಸ್ಸು. ಆದರೆ ನಾಲ್ವರಲ್ಲಿ ಒಬ್ಬರೂ ಅದುವರೆಗೆ ಹುಟ್ಟು ಹಿಡಿದವರಲ್ಲ. ನಿವೃತ್ತನಾದ ಉಪಾಧ್ಯಾಯನಿಗೆ ಬಿಡುವು ಬಹಳವೆಂದು ಮನೆಯವರೆಲ್ಲರ ತಿಳಿವಳಿಕೆಯಾದುದರಿಂದ ಏರ್ಪಾಡಿನ ಭಾರವು ನನ್ನ ಮೇಲೆ ಬಿದ್ದಿತು.

ಇಲ್ಲಿ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ತುಂಗೆಯ ದಡದ ಊರಿನಲ್ಲಿ ಹುಟ್ಟಿದವನು; ಆದರೂ ನನಗೆ ಈಜು ಬಾರದು. ನನಗೆ ಹತ್ತು ವರ್ಷವಾಗಿದ್ದಾಗ ನನ್ನ ಅಣ್ಣನು ಸ್ನಾನಕ್ಕೆಂದು ಹೊಳೆಗೆ ಹೋದವನು ಮನೆಗೆ ಮರಳಲಿಲ್ಲ. ಆ ದಿನದಿಂದ ನಮ್ಮ ತಾಯಿಯವರು ನನ್ನನ್ನು ಹೊಳೆಯ ಮೆಟ್ಟಿಲಿನಿಂದ ಕೆಳಗೆ ಇಳಿಯಗೊಡಲಿಲ್ಲ. ಅವರು ಹೋದ ಮೇಲೂ ಆ ಆಜ್ಞೆಯನ್ನು ನಾನು ಮೀರಿರಲಿಲ್ಲ. ಮಗಳಿಗೆ ಇದು ಗೊತ್ತು, ಮೊಮ್ಮಕ್ಕಳಿಗೆ ಗೊತ್ತಿರಲಿಲ್ಲ. ಬೇಡವೆಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದಿತ್ತು. ಆದರೆ ನನ್ನ ಭಯವನ್ನು ಆಸ್ತಿಯಂತೆ ಮೂರನೆಯ ತಲೆಮಾರಿಗೆ ಬಿಟ್ಟುಹೋಗುವುದು ಉಚಿತವೆಂದು ತೋರಲಿಲ್ಲ. ಆಗಲಿ ಎಂದೆನು.

ಕಯಾಕ್ ಎಂಬುದು ನಮ್ಮ ಸೀಮೆಯ ದೋಣಿಯಲ್ಲ. ಉತ್ತರ ಧ್ರುವದ ಕಡೆಯ ಹಿಮಪ್ರದೇಶದಲ್ಲಿ ವಾಸಿಸುವ ಇನುಯಿಟ್ ಜನರು ಕಡಲನಾಯಿಯ ಬೇಟೆಗಾಗಿ ಕಟ್ಟಿಕೊಂಡದ್ದು. ಮರದ ಅಥವಾ ಎಲುಬಿನ ಚೌಕಟ್ಟಿನ ಮೇಲೆ ತೊಗಲನ್ನು ಬಿಗಿದು, ನಡುವೆ ಒಬ್ಬನು ಕೂರುವಷ್ಟು ತೆರಪನ್ನು ಬಿಡುತ್ತಿದ್ದರು. ಈಗ ಪ್ರವಾಸಿಗಳಿಗೆ ಕೊಡುವವು ಪ್ಲಾಸ್ಟಿಕ್ಕಿನವು. ಅವುಗಳಲ್ಲಿ ಮೇಲೆಯೇ ಕುಳಿತುಕೊಳ್ಳುವ ಬಗೆ ಹೊಸಬರಿಗೆ ಹೇಳಿಸಿದ್ದು. ಮಗುಚಿದರೂ ಒಳಗೆ ಸಿಕ್ಕಿಕೊಳ್ಳುವ ಭಯವಿಲ್ಲ, ಒಳಕ್ಕೆ ನೀರು ತುಂಬಿ ಮುಳುಗುವುದಿಲ್ಲ, ಹಿಡಿದುಕೊಂಡು ಮತ್ತೆ ಹತ್ತಬಹುದು. ನಮ್ಮ ಅಂಬಿಗರ ಹುಟ್ಟಿಗೆ ಒಂದೇ ಅಲಗು. ಇದರ ಹುಟ್ಟಿಗೆ ಎರಡು ತುದಿಗಳಲ್ಲಿಯೂ ಅಲಗು.

ಸ್ಥಳ ಯಾವುದು? ತುಂಗೆ ನನ್ನ ಮಟ್ಟಿಗೆ ಆಗದು. ಕೊನೆಗೆ ಉಡುಪಿ ಜಿಲ್ಲೆಯ ಸೀತಾನದಿಯನ್ನು ಆರಿಸಿದೆನು. ಈ ನದಿಗೆ ಎರಡು ಸ್ವಭಾವ. ಆಗುಂಬೆಯ ಸೀಮೆಯ ಘಟ್ಟಗಳಿಂದ ಇಳಿದು ಹೆಬ್ರಿಯ ಕಾಡಿನಲ್ಲಿ ಹರಿಯುವಾಗ ಬಂಡೆಗಳ ನಡುವೆ ಮೊರೆಯುತ್ತದೆ. ಮಳೆಗಾಲದಲ್ಲಿ ಅಲ್ಲಿ ಗಾಳಿ ತುಂಬಿದ ತೆಪ್ಪಗಳಲ್ಲಿ ಇಳಿಯುವ ಸಾಹಸಿಗಳಿದ್ದಾರೆ. ಅದು ನಮ್ಮಂತಹವರ ಕೆಲಸವಲ್ಲ. ಅದೇ ನದಿಯು ಬಾರಕೂರನ್ನು ದಾಟಿ ಕಡಲ ಸಮೀಪಕ್ಕೆ ಬಂದಾಗ ಗೃಹಸ್ಥನಂತೆ ಶಾಂತವಾಗಿ ಅಗಲವಾಗುತ್ತದೆ. ಸಾಲಿಗ್ರಾಮದ ಪಡುವಣಕ್ಕೆ, ಪಾರಂಪಳ್ಳಿಯ ಕಡೆ, ಅದರ ಹಿನ್ನೀರಿನ ಎರಡು ಮಗ್ಗುಲಿನಲ್ಲಿಯೂ ಕಾಂಡ್ಲದ ಕಾಡು. ಅಲ್ಲಿಂದ ತೆಂಕಣಕ್ಕೆ ನದಿಗೂ ಕಡಲಿಗೂ ನಡುವೆ ಕಿರಿದಾದ ಮಳಲ ಪಟ್ಟಿಯೊಂದೇ ಉಳಿದು, ಕೋಡಿಬೆಂಗ್ರೆಯಲ್ಲಿ ಸುವರ್ಣಾನದಿಯೂ ಸೀತೆಯೂ ಕೂಡಿ ಸಮುದ್ರವನ್ನು ಸೇರುತ್ತವೆ. ಹೊಸಬರಿಗೆ ಹುಟ್ಟು ಹಾಕುವುದನ್ನು ಕಲಿಸುವವರು ಈ ಹಿನ್ನೀರಿನಲ್ಲಿದ್ದಾರೆ.

ಶಿವಮೊಗ್ಗದಿಂದ ಹೋಗುವವರು ತೀರ್ಥಹಳ್ಳಿ, ಆಗುಂಬೆ, ಸೋಮೇಶ್ವರ, ಹೆಬ್ರಿ, ಬ್ರಹ್ಮಾವರಗಳ ಮೇಲೆ ಹೋಗಬಹುದು. ದೂರದಿಂದ ರೈಲಿನಲ್ಲಿ ಬರುವವರಿಗೆ ಕೊಂಕಣ ರೈಲುದಾರಿಯ ಬಾರಕೂರು ಹತ್ತಿರದ ನಿಲ್ದಾಣ. ಆದರೆ ಎಲ್ಲ ಗಾಡಿಗಳೂ ಅಲ್ಲಿ ನಿಲ್ಲುವುದಿಲ್ಲವಾದುದರಿಂದ ಉಡುಪಿಯಲ್ಲಿ ಇಳಿಯುವುದೇ ಮೇಲು. ಕಾಲದ ವಿಷಯದಲ್ಲಿ ಚರ್ಚೆಯಿಲ್ಲ: ಜೂನಿನಿಂದ ಸೆಪ್ಟೆಂಬರಿನವರೆಗೆ ಬೇಡ, ನವೆಂಬರಿನಿಂದ ಫೆಬ್ರವರಿಯವರೆಗೆ ಉತ್ತಮ. ಹಗಲು ಏರಿದಂತೆ ಕಡಲಗಾಳಿ ಬಲಿಯುತ್ತದೆ, ಹಗುರವಾದ ದೋಣಿಯನ್ನು ಅದು ತರಗೆಲೆಯಂತೆ ಅಡ್ಡ ತಳ್ಳುತ್ತದೆ. ಆದುದರಿಂದ ಪ್ರಾತಃಕಾಲವೇ ಪ್ರಶಸ್ತ.

ದೋಣಿ ಕೊಡುವವರನ್ನು ಫೋನಿನಲ್ಲಿ ವಿಚಾರಿಸಿದೆನು. ಮೊದಲು ಮಾತನಾಡಿದ ಒಬ್ಬರು, “ಯಾವಾಗ ಬೇಕಾದರೂ ಬನ್ನಿ, ನೀರು ಸೊಂಟದಷ್ಟೇ ಇದೆ, ಲೈಫ್ ಜಾಕೆಟ್ ಹಾಕಲೇಬೇಕೆಂದೇನಿಲ್ಲ” ಎಂದರು. ಅವರಿಗೆ ನಮಸ್ಕಾರ ಹೇಳಿ ಫೋನನ್ನು ಇಟ್ಟೆನು. ಎರಡನೆಯವರು ಎಷ್ಟು ಜನ, ಮಕ್ಕಳ ವಯಸ್ಸೆಷ್ಟು, ತೂಕವೆಷ್ಟು, ಯಾರಿಗೆ ಈಜು ಬರುತ್ತದೆ ಎಂದು ಅವರಾಗಿಯೇ ಕೇಳಿದರು. ಮಕ್ಕಳ ಅಳತೆಯ ಜಾಕೆಟ್ಟು ಇದೆಯೆಂದೂ, ತಮ್ಮ ಕಡೆಯವನೊಬ್ಬನು ಜೊತೆಯ ದೋಣಿಯಲ್ಲಿ ಬರುವನೆಂದೂ ಹೇಳಿದರು. ಪ್ರಶ್ನೆ ಕೇಳುವವನನ್ನು ನಂಬಬೇಕೆಂಬುದು ನನ್ನ ಮೂವತ್ತು ವರ್ಷಗಳ ಪಾಠಶಾಲೆಯ ಅನುಭವ. ಅವರನ್ನೇ ಗೊತ್ತುಮಾಡಿಕೊಂಡೆನು.

ಮುಂದೆ ಪಂಚಾಂಗ. ಅಳಿವೆಯ ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆಂಬುದು ಎಲ್ಲರಿಗೂ ತಿಳಿದದ್ದೇ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸೂರ್ಯಚಂದ್ರರ ಸೆಳೆತಗಳು ಒಂದುಗೂಡಿ ಏರಿಳಿತವು ದೊಡ್ಡದಾಗುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಸಣ್ಣದಾಗುತ್ತದೆ. ಖಂಭಾತದ ಕೊಲ್ಲಿಯಲ್ಲಿ ನೀರು ಮೂವತ್ತು ಅಡಿಗಳಷ್ಟು ಏರುವುದುಂಟು. ನಮ್ಮ ಕರಾವಳಿಯಲ್ಲಿ ಅಷ್ಟಿಲ್ಲ, ನಾಲ್ಕೈದು ಅಡಿಗಳ ಮಾತು. ಆದರೂ ಹೊಸಬರಿಗೆ ಸಣ್ಣ ನೀರೇ ಕ್ಷೇಮವೆಂದು ಎಣಿಸಿ ಶುಕ್ಲಪಕ್ಷದ ನವಮಿ ದಶಮಿಗಳನ್ನು ಆರಿಸಿದೆನು. ತಿಥಿ ನೋಡಿ ದೋಣಿ ಹತ್ತುವ ಮಾವನನ್ನು ಕಂಡು ಅಳಿಯನು ನಕ್ಕನು. ನಾನು ಒಳಗೊಳಗೆ ಹಿಗ್ಗಿದೆನು. ಆ ಹಿಗ್ಗಿಗೆ ಮದ್ದು ಮರುದಿನವೇ ದೊರೆಯಿತು.

ನವಮಿಯ ದಿನ ಬೆಳಗಿನ ಐದು ಗಂಟೆಗೆ ಹೊರಟು, ಆಗುಂಬೆಯ ತಿರುವುಗಳಲ್ಲಿ ಮೊಮ್ಮಗಳ ಹೊಟ್ಟೆ ತೊಳಸಿ ಒಮ್ಮೆ ನಿಂತು, ಒಂಬತ್ತೂವರೆಗೆ ಹೊಳೆಯ ದಡವನ್ನು ಮುಟ್ಟಿದೆವು. ನಮ್ಮ ಸವಾರಿಯನ್ನು ಗೊತ್ತುಮಾಡಿದ್ದು ಮರುದಿನ ಬೆಳಿಗ್ಗೆಗೆ. ಆದರೆ ನೀರು ಕನ್ನಡಿಯಂತಿತ್ತು, ದೋಣಿಗಳು ದಡದಲ್ಲಿದ್ದವು, ಮಕ್ಕಳ ಕಾಲು ನಿಲ್ಲಲಿಲ್ಲ. ಅಳಿಯನು, “ಮಾವ, ಅರ್ಧ ಗಂಟೆ ಇಲ್ಲಿಯೇ ಅಭ್ಯಾಸ ಮಾಡುತ್ತೇವೆ” ಎಂದನು. ದೋಣಿಯವರು ಜಾಕೆಟ್ಟುಗಳನ್ನು ಬಿಗಿದು, ಸ್ವಲ್ಪ ದೂರದಲ್ಲಿ ನೀರಿಗೆ ಬಾಗಿದ್ದ ಒಂದು ತೆಂಗನ್ನು ತೋರಿಸಿ ಅದನ್ನು ದಾಟಬಾರದೆಂದು ಹೇಳಿ ಒಪ್ಪಿದರು. ಅಡ್ಡಿ ಹೇಳಬೇಕಾಗಿದ್ದವನು ನಾನು. ತಿಥಿ ಸಣ್ಣದು, ಭಯವಿಲ್ಲ, ಎಂದುಬಿಟ್ಟೆನು.

ಅಳಿಯನೂ ಹನ್ನೆರಡು ವರ್ಷದ ಮೊಮ್ಮಗನೂ ಒಂದೇ ದೋಣಿಯಲ್ಲಿ ಕುಳಿತು ಹೊರಟರು. ನಾಲ್ಕು ಸಲ ಹುಟ್ಟು ಹಾಕುವುದರೊಳಗೆ ದೋಣಿ ಬಾಣದಂತೆ ಸಾಗಿತು. ತಮಗೆ ವಿದ್ಯೆ ಆಗಲೇ ಕೈಗೂಡಿತೆಂದು ಇಬ್ಬರೂ ಹರ್ಷದಿಂದ ಕೂಗಿದರು. ಬಾಗಿದ ತೆಂಗು ಬಂದಿತು, ಹಿಂದಕ್ಕೆ ಸರಿಯಿತು. ದೋಣಿ ಅದರಾಚೆಗೆ ಮರೆಯಾಯಿತು.

ಅವರನ್ನು ಒಯ್ದದ್ದು ವಿದ್ಯೆಯಲ್ಲ, ಇಳಿತ. ಆ ದಿನದ ಉಬ್ಬರವು ಬೆಳಗಿನ ಏಳು ಗಂಟೆಯ ಸುಮಾರಿಗೇ ಮುಗಿದು, ಹೊಳೆಯೆಲ್ಲವೂ ಸದ್ದಿಲ್ಲದೆ ತೆಂಕಣದ ಅಳಿವೆಯ ಕಡೆಗೆ ಜಾರುತ್ತಿದ್ದಿತು. ಮೇಲೆ ಒಂದು ಸುಕ್ಕೂ ಇಲ್ಲ. ನಾನು ತಿಥಿಯನ್ನು ನೋಡಿದ್ದೆನು, ಗಂಟೆಯನ್ನು ನೋಡಿರಲಿಲ್ಲ. ಅಮರಕೋಶದಲ್ಲಿ ‘ವೇಲಾ’ ಎಂಬ ಶಬ್ದಕ್ಕೆ ಕಡಲ ನೀರಿನ ಏರಿಳಿತ, ಕಾಲ, ಎಲ್ಲೆ ಎಂಬ ಮೂರು ಅರ್ಥಗಳು ಹೇಳಿವೆ. ನಮ್ಮ ‘ವೇಳೆ’ಯೂ ಅದರಿಂದಲೇ ಬಂದದ್ದು. ಎಷ್ಟು ಜನ ಹುಡುಗರಿಗೆ ಇದನ್ನು ಬಾಯಿಪಾಠ ಮಾಡಿಸಿದ್ದೆನೋ ಲೆಕ್ಕವಿಲ್ಲ. ಆ ಹೊತ್ತಿನಲ್ಲಿ ನೀರು, ಹೊತ್ತು, ಎಲ್ಲೆ ಮೂರನ್ನೂ ಮೀರಿ ನನ್ನ ಮಗಳ ಗಂಡನೂ ಮಗನೂ ಕಣ್ಣಿಗೆ ಕಾಣದಂತೆ ಹೋಗಿದ್ದರು. ಐವತ್ತು ವರ್ಷಗಳ ಹಿಂದೆ ಮೆಟ್ಟಿಲಿನ ಮೇಲೆ ನಿಂತಿದ್ದ ನಮ್ಮ ತಾಯಿಯವರ ಮುಖವು ನನ್ನ ಕಣ್ಣೆದುರಿಗೆ ಬಂದಿತು. ಮಗಳು ನನ್ನನ್ನು ಏನೂ ಕೇಳಲಿಲ್ಲ, ಕೇಳಿದ್ದರೆ ವಾಸಿಯಾಗಿತ್ತು.

ದೋಣಿಯವರ ಹುಡುಗನು ಇನ್ನೊಂದು ದೋಣಿಯನ್ನು ನೀರಿಗೆ ತಳ್ಳಿ ಹೊರಟನು. ಮುಕ್ಕಾಲು ಗಂಟೆಯ ಮೇಲೆ ಮೂವರೂ ಕಾಣಿಸಿಕೊಂಡರು. ಅವರ ಮುಂದೆ, ಪಾತಿದೋಣಿಯಲ್ಲಿ ನಿಂತು ಗಳ ಹಾಕುತ್ತ, ಮರುವಾಯಿ ಹೆಕ್ಕಲು ಬಂದಿದ್ದ ಒಬ್ಬ ಮುದುಕನು ದಾರಿ ತೋರಿಸುತ್ತಿದ್ದನು. ತಿರುಗಿ ಬರಲು ಯತ್ನಿಸಿದಾಗ ನಮ್ಮವರು ಹೊಳೆಯ ನಟ್ಟನಡುವೆ ಸೆಳೆತಕ್ಕೆ ಎದುರಾಗಿ ಹುಟ್ಟು ಹಾಕಿ, ಇದ್ದಲ್ಲಿಯೇ ಇದ್ದು ಸೋತಿದ್ದರಂತೆ. ಆ ಮುದುಕನು ಕಂಡು, ಹ್ವಾಯ್ ಎಂದು ಕೂಗಿ, ದಡದ ಅಂಚಿಗೆ ಸರಿಯಿರೆಂದು ಕೈಸನ್ನೆ ಮಾಡಿದನಂತೆ. ಅಂಚಿನಲ್ಲಿ ನೀರು ಆಳವಿಲ್ಲ, ಸೆಳೆತವೂ ಅರ್ಧ. ಕಾಂಡ್ಲದ ಬೇರಿನ ಮಗ್ಗುಲಿಗೇ ತಂದು ಮುಟ್ಟಿಸಿದನು. ಅವನು ನಮ್ಮಿಂದ ಏನನ್ನೂ ತೆಗೆದುಕೊಳ್ಳಲಿಲ್ಲ. ಇದು ಅಷ್ಟಮಿ ಕಳೆದ ಸಣ್ಣ ನೀರು, ಹುಣ್ಣಿಮೆಯದಾಗಿದ್ದರೆ ಬೆಂಗ್ರೆಯ ಅಳಿವೆ ಬಾಯಿಯನ್ನು ನೋಡಿ ಬರುತ್ತಿದ್ದಿರಿ ಎಂದು ತನ್ನ ಕುಂದಾಪುರದ ಮಾತಿನಲ್ಲಿ ಹೇಳಿ ಹೊರಟುಹೋದನು. ಮೊಮ್ಮಗನ ಅಂಗೈ ಬೊಬ್ಬೆ ಎದ್ದಿದ್ದವು. ಅಳಿಯನು ಆ ಮಧ್ಯಾಹ್ನ ಊಟ ಮಾಡಿದನೆಂದು ಹೇಳಲಾರೆ.

ಆ ರಾತ್ರಿ ನನ್ನ ಪತ್ನಿಯು, ಇನ್ನು ಸಾಕು, ದೇವಸ್ಥಾನ ನೋಡಿ ಮನೆಗೆ ಹೋಗೋಣವೆಂದಳು. ನಾನೂ ಹಾಗೆಯೇ ಯೋಚಿಸುತ್ತಿದ್ದೆನು. ಮೊಮ್ಮಗನು ಮಾತ್ರ ಫೋನಿನಲ್ಲಿ ಏನನ್ನೋ ಹುಡುಕುತ್ತ ಕುಳಿತಿದ್ದವನು, “ಅಜ್ಜಯ್ಯ, ನಾಳೆ ಉಬ್ಬರ ಮುಗಿಯುವುದು ಇವತ್ತಿಗಿಂತ ಐವತ್ತು ನಿಮಿಷ ತಡ. ಎಂಟು ಗಂಟೆ ಹತ್ತಿರ. ಏಳಕ್ಕೆ ಹೊರಟರೆ ನೀರೇ ಒಳಗೆ ಕರೆದುಕೊಂಡು ಹೋಗುತ್ತದೆ, ನೀರೇ ವಾಪಸು ತರುತ್ತದೆ” ಎಂದನು. ತಪ್ಪಿದ ಲೆಕ್ಕವನ್ನು ಬೈಗುಳವಿಲ್ಲದೆ ತಾನೇ ತಿದ್ದಿಕೊಂಡ ಶಿಷ್ಯನಿಗೆ ಪರೀಕ್ಷೆಗೆ ಕೂರಬೇಡವೆಂದು ಹೇಗೆ ಹೇಳಲಿ? ದೋಣಿಯವರನ್ನು ಕೇಳಿದೆವು, ಅವರು ಮೊದಲೇ ಗೊತ್ತುಮಾಡಿದ್ದ ಹೊತ್ತೂ ಅದೇ. ನಾನು ಅದನ್ನು ಏಕೆಂದು ಕೇಳಿರಲಿಲ್ಲ, ಅಷ್ಟೆ.

ದಶಮಿಯ ಬೆಳಿಗ್ಗೆ ಮೂರು ದೋಣಿಗಳಲ್ಲಿ ಹೊರಟೆವು. ಹಿಂದೆ ಕೂತವನು ದಿಕ್ಕನ್ನು ನೋಡಿಕೊಳ್ಳಬೇಕು, ಮುಂದಿನವನು ತಾಳವನ್ನು ಹಿಡಿಯಬೇಕು. ಆದುದರಿಂದ ಬಲವುಳ್ಳವನು ಹಿಂದೆ. ಅಳಿಯನ ಮುಂದೆ ಮಗಳು, ದೋಣಿಯವರ ಹುಡುಗನ ಮುಂದೆ ಮೊಮ್ಮಗಳು. ಮೂರನೆಯದರಲ್ಲಿ ಮೊಮ್ಮಗನೊಡನೆ ದೋಣಿಯ ಯಜಮಾನರು ಬರಬೇಕಾಗಿದ್ದಿತು, ನಾಲ್ಕನೆಯದಿಲ್ಲ. ದಡದಲ್ಲಿ ನಿಂತು ಕಾಯುವುದು ಎಂತಹುದೆಂದು ಹಿಂದಿನ ದಿನ ತಿಳಿದಿದ್ದೆನು. ಇನ್ನೊಮ್ಮೆ ನಿಲ್ಲಲಾರೆನೆಂದು ಹೇಳಿದೆನು. ಯಜಮಾನರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಮೂವರು ಕೂರುವ ಇನ್ನೊಂದು ದೋಣಿಯನ್ನು ತರಿಸಿದರು. ಜಾಕೆಟ್ಟಿನ ಪಟ್ಟಿಗಳನ್ನು ಬಿಗಿದು ಹೆಗಲಿನ ಬಳಿ ಹಿಡಿದು ಮೇಲಕ್ಕೆ ಎತ್ತಿದರು. ಅದು ಗದ್ದದ ಕಡೆಗೆ ಜಾರಬಾರದು. ಕನ್ನಡಕಕ್ಕೆ ದಾರ ಕಟ್ಟಿಕೊಂಡೆನು. ಪಂಚೆಯನ್ನು ಬಿಟ್ಟು ಅಳಿಯನ ಪಾಯಿಜಾಮೆಯನ್ನು ತೊಟ್ಟೆನು. ಇದನ್ನು ನನ್ನ ಹಳೆಯ ಶಿಷ್ಯರಾರೂ ನೋಡಲಿಲ್ಲವೆಂದು ನಂಬಿದ್ದೇನೆ.

ಹುಟ್ಟು ಹಾಕುವುದು ತೋಳಿನ ಕೆಲಸವೆಂದು ಹೊಸಬರು ತಿಳಿಯುತ್ತಾರೆ. ಹಾಗೆ ಮಾಡಿದರೆ ಹತ್ತು ನಿಮಿಷಕ್ಕೆ ಭುಜ ಸೋಲುತ್ತದೆ. ಎರಡು ಕೈಗಳನ್ನೂ ಹೆಗಲಿಗಿಂತ ಸ್ವಲ್ಪ ಅಗಲವಾಗಿ ಹಿಡಿದು, ಮೊಸರು ಕಡೆಯುವವರಂತೆ ನಡುವನ್ನು ತಿರುಗಿಸಬೇಕು. ಎಡಕ್ಕೆ ತಿರುಗಬೇಕಾದರೆ ಬಲಗಡೆ ಅಗಲವಾಗಿ ಬಳಸಿ ಹಾಕಬೇಕು. ಹೆದರಿ ಪಕ್ಕದ ಕೊಂಬೆಯನ್ನು ಹಿಡಿಯಲು ಹೋಗಬಾರದು. ಕೈ ಕೊಂಬೆಯಲ್ಲಿ ನಿಂತು ದೋಣಿ ಮುಂದೆ ಹೋಗುತ್ತದೆ. ಮಗುಚಿದರೆ ದೋಣಿಯನ್ನು ಬಿಡಬಾರದು. ಇಷ್ಟನ್ನು ಮೊಣಕಾಲುದ್ದ ನೀರಿನಲ್ಲಿ ಕಲಿಸಿದ ಮೇಲೆಯೇ ಒಳಗೆ ಕರೆದೊಯ್ದರು.

ಉಬ್ಬರದ ಕಡೆಯ ನೀರು ನಮ್ಮನ್ನು ಕಾಂಡ್ಲದ ಓಣಿಗಳಿಗೆ ಎತ್ತಿಕೊಂಡು ಹೋಯಿತು. ಇಳಿತದಲ್ಲಿ ಇಲ್ಲೆಲ್ಲ ಕೆಸರು. ತುಂಬಿದ ಹೊತ್ತಿನಲ್ಲಿ ತಲೆಯ ಮೇಲೆ ಎಲೆಯ ಚಪ್ಪರ. ಒಂದು ಜಾತಿಯ ಗಿಡವು ಕಮಾನಿನಂತಹ ಬೇರುಗಳ ಮೇಲೆ ನಿಂತಿರುತ್ತದೆ. ಇನ್ನೊಂದು ಜಾತಿಯು ಉಸಿರಾಡುವುದಕ್ಕಾಗಿ ಬೇರುಗಳನ್ನು ಕಡ್ಡಿಗಳಂತೆ ಕೆಸರಿನಿಂದ ಮೇಲಕ್ಕೆ ಚಾಚುತ್ತದೆ. ಕಮಾನಿನ ಬೇರಿನ ಗಿಡದ ಬೀಜವು ತಾಯಿಯ ಮೈಮೇಲೆಯೇ ಮೊಳೆತು, ಗೇಣುದ್ದ ಬೆಳೆದ ಮೇಲೆ ಕಳಚಿ ಬೀಳುತ್ತದೆ. ಕೆಸರಿನಲ್ಲಿ ನಾಟಿಕೊಂಡರೆ ಅಲ್ಲಿಯೇ, ಇಲ್ಲವಾದರೆ ನೀರು ಒಯ್ದಲ್ಲಿ. ಮೀನಿನ ಮರಿಗಳು ಈ ಬೇರುಗಳ ನಡುವೆಯೇ ದೊಡ್ಡವಾಗುವುದು. ಬಿಳಿಯ ಕೊರಳಿನ ಕೆಂಗಂದು ಗರುಡನೊಂದು ನಮ್ಮ ಮೇಲೆ ಎರಡು ಸುತ್ತು ಬಂದಿತು.

ಎಂಟು ಗಂಟೆಯ ಮೇಲೆ ಒಂದಷ್ಟು ಹೊತ್ತು ನೀರು ನಿಂತಿತು. ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಹುಟ್ಟುಗಳನ್ನು ತೊಡೆಯ ಮೇಲಿಟ್ಟು ಎಲ್ಲರೂ ಸುಮ್ಮನೆ ಕುಳಿತೆವು. ಆಗ ಮೊಮ್ಮಗನು ಹಿಂದಿರುಗಿ, “ಅಜ್ಜಯ್ಯ, ನೀವು ಹೊಳೆಯ ಊರಿನವರು. ಈಜು ಏಕೆ ಕಲಿಯಲಿಲ್ಲ?” ಎಂದು ಕೇಳಿದನು. ಹೇಳಿದೆನು. ಅಣ್ಣನ ಹೆಸರನ್ನೂ ಹೇಳಿದೆನು. ಆ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಉಚ್ಚರಿಸಿ ಬಹಳ ಕಾಲವಾಗಿತ್ತು. ಹುಡುಗನು ಸ್ವಲ್ಪ ಹೊತ್ತು ನೀರನ್ನೇ ನೋಡಿದನು. ಒಂದು ಎಲೆ ತಿರುಗಿ, ಮೆಲ್ಲನೆ ತೆಂಕಣದ ಕಡೆಗೆ ಹೊರಟಿತು. “ಇಳಿತ ಶುರುವಾಯಿತು, ಹೊರಡೋಣ” ಎಂದನು. ಈ ಸಲ ಅಂಚನ್ನು ಹಿಡಿದೇ ಬಂದೆವು, ದಡವನ್ನು ದಾಟಿ ಹೋಗಲಿಲ್ಲ.

ಉಳಿದ ಹಗಲು ಸಾಲಿಗ್ರಾಮದ ಗುರುನರಸಿಂಹ ದೇವಸ್ಥಾನಕ್ಕೂ, ಆಳುಪರು ಆಳಿದ ಬಾರಕೂರಿಗೂ ಸಾಕಾಯಿತು. 1902ರಲ್ಲಿ ಶಿವರಾಮ ಕಾರಂತರು ಹುಟ್ಟಿದ ಕೋಟವು ಸಾಲಿಗ್ರಾಮಕ್ಕೆ ಹೊಂದಿಕೊಂಡೇ ಇದೆ. ಸಂಜೆ ಕೋಡಿಬೆಂಗ್ರೆಗೆ ಹೋಗಿ ಅಳಿವೆ ಬಾಯಿಯನ್ನು ದಡದಿಂದಲೇ ನೋಡಿದೆವು. ಎರಡು ನದಿಗಳ ನೀರೂ ಕಡಲೂ ಅಲ್ಲಿ ಒಂದರ ಮೇಲೊಂದು ಏರಿ ಕುದಿಯುತ್ತಿದ್ದವು. ಅಳಿಯನು ಬಹಳ ಹೊತ್ತು ಮಾತನಾಡದೆ ನಿಂತಿದ್ದು, ಮಗನ ಹೆಗಲ ಮೇಲಿನ ಕೈಯನ್ನು ಕಾರಿನ ಬಾಗಿಲಿನವರೆಗೂ ತೆಗೆಯಲಿಲ್ಲ.