ಖಾನೇಸುಮಾರಿಯೂ ಊರಿನ ನಕ್ಷೆಯೂ

ಜನಗಣತಿಯನ್ನು ನಮ್ಮ ಹಿರಿಯರು ಖಾನೇಸುಮಾರಿ ಎಂದು ಕರೆಯುತ್ತಿದ್ದರು. ಖಾನೆ ಎಂದರೆ ಮನೆ. ಶುಮಾರಿ ಎಂದರೆ ಎಣಿಕೆ. ಜನರನ್ನು ಎಣಿಸಹೊರಟವನು ಮೊದಲು ಮನೆಗಳನ್ನು ಎಣಿಸಬೇಕೆಂಬ ಸಂಗತಿಯು ಆ ಹಳೆಯ ಹೆಸರಿನಲ್ಲಿಯೇ ಅಡಗಿರುವುದು. ಮನೆ ತಪ್ಪಿದರೆ ಅದರೊಳಗಿನ ಮಂದಿಯೆಲ್ಲರೂ ತಪ್ಪಿದಂತೆಯೇ ಸರಿ. ಈಚೆಗೆ ಆಕಾಶದಲ್ಲಿ ತಿರುಗುವ ಉಪಗ್ರಹಗಳಿಂದಲೂ ಕೈಯಲ್ಲಿ ಹಿಡಿಯುವ ಮೊಬೈಲಿನಿಂದಲೂ ಗಣತಿಯ ನಕ್ಷೆಯನ್ನು ಸಿದ್ಧಪಡಿಸುವ ಕ್ರಮವು ಬಂದಿರುವುದರಿಂದ, ಆ ವಿಷಯವಾಗಿ ನಾವು ಕಂಡುದನ್ನೂ ಎಣಿಸಿದುದನ್ನೂ ನಾಲ್ಕು ಮಾತುಗಳಲ್ಲಿ ವಾಚಕರ ಮುಂದಿಡಬೇಕೆಂದು ಮನಸ್ಸಾಗಿದೆ.

ಪ್ರಜೆಗಳನ್ನು ಲೆಕ್ಕವಿಡುವುದು ನಮ್ಮ ದೇಶಕ್ಕೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಐದು ಅಥವಾ ಹತ್ತು ಹಳ್ಳಿಗಳಿಗೆ ಒಬ್ಬನಂತೆ ಗೋಪನೆಂಬ ಅಧಿಕಾರಿಯನ್ನು ಹೇಳಿದೆ. ಗ್ರಾಮದ ಎಲ್ಲೆ, ಹೊಲ, ಮನೆ, ಒಕ್ಕಲಿಗರು, ಗೋಪಾಲಕರು, ವರ್ತಕರು, ಕುಶಲಕರ್ಮಿಗಳು, ಎರಡು ಕಾಲಿನ ಮತ್ತು ನಾಲ್ಕು ಕಾಲಿನ ಪ್ರಾಣಿಗಳು, ಇವೆಲ್ಲವನ್ನೂ ಅವನು ಬರೆದಿಡತಕ್ಕದ್ದು. ಈಗಿನ ರೀತಿಯ ಗಣತಿಯು ನಮ್ಮಲ್ಲಿ 1872ರ ಸುಮಾರಿಗೆ ಆರಂಭವಾಗಿ, 1881ರಲ್ಲಿ ದೇಶದಾದ್ಯಂತ ಏಕಕಾಲದಲ್ಲಿ ನಡೆಯಿತು. ಅಂದಿನಿಂದ 2011ರ ವರೆಗೆ ಹತ್ತು ವರ್ಷಗಳಿಗೊಮ್ಮೆ ತಪ್ಪದೆ ನಡೆದು ಬಂದ ಈ ಪರಂಪರೆಯು, ಕೊರೋನಾ ಪಿಡುಗಿನ ದೆಸೆಯಿಂದ 2021ರಲ್ಲಿ ಮೊದಲ ಬಾರಿಗೆ ತಪ್ಪಿತು.

ಎಣಿಕೆಗೆ ನಕ್ಷೆಯು ಏತಕ್ಕೆ ಬೇಕು ಎಂದು ಗೃಹಿಣಿಯರು ಕೇಳಬಹುದು. ಇಡೀ ದೇಶವನ್ನು ಸಣ್ಣ ಸಣ್ಣ ಭಾಗಗಳಾಗಿ ಹಂಚಿ, ಒಂದೊಂದು ಭಾಗವನ್ನು ಒಬ್ಬೊಬ್ಬ ಗಣತಿದಾರನಿಗೆ ಒಪ್ಪಿಸುವರು. ಒಂದು ಭಾಗದಲ್ಲಿ ಆರು ನೂರರಿಂದ ಎಂಟು ನೂರರಷ್ಟು ಜನರಿರುವರು. ಈ ಭಾಗದ ಎಲ್ಲೆಯು ಸ್ಪಷ್ಟವಾಗಿರದಿದ್ದರೆ, ಓಣಿಯ ಆ ಕಡೆಯವನು ಎಣಿಸಿರಬಹುದೆಂದು ಈ ಕಡೆಯವನೂ, ಈ ಕಡೆಯವನು ಎಣಿಸಿರಬಹುದೆಂದು ಆ ಕಡೆಯವನೂ ಸುಮ್ಮನಾಗಿ, ನಡುವಿನ ಮನೆಗಳು ಇಬ್ಬರಿಗೂ ತಪ್ಪಿಹೋಗುವುವು. ಇಲ್ಲವೆ ಒಂದೇ ಮನೆಯನ್ನು ಇಬ್ಬರೂ ಬರೆದುಕೊಳ್ಳುವರು. ಇದನ್ನು ತಡೆಯುವುದಕ್ಕಾಗಿಯೇ ಗಣತಿಗೆ ಮೊದಲು ಜಿಲ್ಲೆ, ತಾಲ್ಲೂಕು, ಊರುಗಳ ಎಲ್ಲೆಗಳನ್ನು ಬದಲಾಯಿಸಕೂಡದೆಂದು ಒಂದು ದಿನವನ್ನು ಗೊತ್ತುಮಾಡುವರು. 2011ರ ಗಣತಿಗೆ ಆ ದಿನವು 2009ರ ಡಿಸೆಂಬರ್ 31. 2027ರ ಗಣತಿಗೆ 2025ರ ಡಿಸೆಂಬರ್ 31.

ಕಾಗದದ ನಕ್ಷೆಯ ಕಾಲವನ್ನು ನಾವು ಹತ್ತಿರದಿಂದ ನೋಡಿದವರು. ನಮ್ಮ ಹಿರಿಯ ಸೊಸೆ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿ. 2010ರ ಬೇಸಿಗೆಯಲ್ಲಿ ಊರ ಹೊರಭಾಗದ ಒಂದು ಬಡಾವಣೆಯ ಮನೆಪಟ್ಟಿಯ ಕೆಲಸವು ಆಕೆಯ ಪಾಲಿಗೆ ಬಂದಿತು. ವಿವರಗಳನ್ನು ಬರೆದುಕೊಳ್ಳುವಾಗ ಅನ್ಯರು ಹತ್ತಿರ ಇರಕೂಡದಷ್ಟೆ. ಆದುದರಿಂದ ಬೀದಿಯ ನಕ್ಷೆಯನ್ನು ಬರೆದ ಎರಡು ದಿನ ಮಾತ್ರ ನಾವು ಕೊಡೆ ಹಿಡಿದು ಜೊತೆಯಲ್ಲಿ ಹೋದೆವು. ವಾಯವ್ಯ ಮೂಲೆಯಿಂದ ಆರಂಭಿಸಿ, ಹಾವು ಹರಿದಂತೆ ಬೀದಿಬೀದಿಯಾಗಿ ಸಾಗಿ, ಆಗ್ನೇಯದಲ್ಲಿ ಮುಗಿಸಬೇಕೆಂದು ನಿಯಮ. ಪಕ್ಕಾ ಕಟ್ಟಡಕ್ಕೆ ಚೌಕ, ಗುಡಿಸಲಿಗೆ ತ್ರಿಕೋಣ. ಜನವಾಸವಿಲ್ಲದ ಕಟ್ಟಡವಾದರೆ ಒಳಗೆ ಗೆರೆ ಎಳೆಯತಕ್ಕದ್ದು. ಗುಡಿ, ಬಾವಿ, ಅರಳಿಕಟ್ಟೆಗಳನ್ನೂ ಗುರುತು ಮಾಡಬೇಕು. ಮಧ್ಯಾಹ್ನದ ಹೊತ್ತಿಗೆ ಸೀಸದಕಡ್ಡಿ ಮೊಂಡಾಗಿ, ಬೆವರಿನಿಂದ ಕಾಗದವು ಒದ್ದೆಯಾಗಿ, ಅಳಿಸಿ ಬರೆದ ಕಡೆಯಲ್ಲಿ ತೂತೇ ಬಿದ್ದಿತ್ತು.

ಎರಡನೆಯ ದಿನ ಎಣ್ಣೆಯ ಗಿರಣಿಯ ಗೋಡೆಯವರೆಗೆ ಬಂದು, ಅಲ್ಲಿಗೆ ಎಲ್ಲೆ ಮುಗಿಯಿತೆಂದು ನಿಂತಿದ್ದೆವು. ಮಜ್ಜಿಗೆ ಮಾರುವ ಮುದುಕಿಯೊಬ್ಬಳು ನಮ್ಮನ್ನು ನೋಡಿ, “ಹಿಂದಿನವರನ್ನು ಬರೆದುಕೊಂಡಿರಾ, ತಾಯಿ?” ಎಂದು ಕೇಳಿದಳು. ಗಿರಣಿಗೂ ಸೌದೆ ಅಂಗಡಿಗೂ ನಡುವೆ ಒಬ್ಬರು ಅಡ್ಡಲಾಗಿ ನುಸುಳುವಷ್ಟು ಸಂದು. ಅದರ ಆಚೆಗೆ ತಗಡು ಹೊದಿಸಿದ ಮೂರು ಕೋಣೆಗಳು. ಉತ್ತರದ ಜಿಲ್ಲೆಗಳಿಂದ ಕಟ್ಟಡದ ಕೆಲಸಕ್ಕೆಂದು ಬಂದ ಮೂರು ಸಂಸಾರಗಳು ಅಲ್ಲಿ ಎರಡು ವರ್ಷದಿಂದ ಇದ್ದುವು. ಬಾಗಿಲಲ್ಲಿ ಮಗುವಿಗೆ ಉಣಿಸುತ್ತಿದ್ದ ಹೆಂಗಸು ನಮ್ಮ ಕೈಯ ಕಾಗದವನ್ನು ನೋಡಿ, “ನಾವು ಈ ಊರಿನವರಲ್ಲ, ನಮ್ಮನ್ನೂ ಬರೀತೀರಾ?” ಎಂದಳು. “ಎಲ್ಲಿ ವಾಸವೋ ಅಲ್ಲಿಯೇ ಲೆಕ್ಕ, ತಂಗಿ,” ಎಂದು ನಮ್ಮ ಸೊಸೆಯು ನಕ್ಷೆಯ ಅಂಚಿನಲ್ಲಿ ಮೂರು ಗುರುತುಗಳನ್ನು ಕೂಡಿಸಿದಳು. ಮುದುಕಿಯು ಆ ಹೊತ್ತಿಗೆ ಆ ದಾರಿಯಲ್ಲಿ ಬಾರದೆ ಇದ್ದಿದ್ದರೆ ಆ ಮೂರು ಸಂಸಾರಗಳ ಗತಿ ಏನಾಗುತ್ತಿತ್ತೆಂದು ನಾವು ಅನೇಕ ಸಲ ಯೋಚಿಸಿದ್ದೇವೆ.

ಏನಾಗುತ್ತಿತ್ತು? 2011ರ ಗಣತಿಯು ನಮ್ಮ ದೇಶದ ಜನಸಂಖ್ಯೆಯನ್ನು 121 ಕೋಟಿ ಎಂದೂ ಕರ್ನಾಟಕದ್ದನ್ನು 6 ಕೋಟಿ 11 ಲಕ್ಷ ಎಂದೂ ತೋರಿಸಿತು. ಗಣತಿ ಮುಗಿದ ಮೇಲೆ ಸರಕಾರವೇ ನಡೆಸಿದ ಮರುಪರೀಕ್ಷೆಯಲ್ಲಿ, ಲೆಕ್ಕಕ್ಕೆ ಬಾರದೆ ಉಳಿದವರು ಸಾವಿರಕ್ಕೆ ಸುಮಾರು 23 ಮಂದಿ ಎಂದು ತಿಳಿದುಬಂದಿತು. ಸಾವಿರದಲ್ಲಿ 23 ಅಲ್ಪವೆಂದು ತೋರಬಹುದು. ದೇಶದ ಮೇಲೆ ಹರಡಿದರೆ ಅದು ಎರಡೂವರೆ ಕೋಟಿಯನ್ನು ಮೀರುವುದು. 2013ರ ಆಹಾರ ಭದ್ರತಾ ಕಾಯಿದೆಯಂತೆ ಅಗ್ಗದ ಧಾನ್ಯವು ಎಷ್ಟು ಮಂದಿಗೆ ಸಲ್ಲಬೇಕೆಂಬುದನ್ನು ಗಣತಿಯ ಅಂಕಿಗಳಿಂದಲೇ ನಿರ್ಣಯಿಸುವರು. 2021ರ ಗಣತಿ ನಡೆಯದೆ ಹೋದುದರಿಂದ, ಆ ಬಳಿಕ ಹುಟ್ಟಿದ ಮಕ್ಕಳಿಗೂ 2011ರ ಲೆಕ್ಕವೇ ಆಧಾರವಾಯಿತು. ಶಾಲೆ, ನಲ್ಲಿಯ ನೀರು, ಆಸ್ಪತ್ರೆ, ಚುನಾವಣೆಯ ಕ್ಷೇತ್ರ, ಇವುಗಳ ಹಂಚಿಕೆಯೂ ಇಂತಹ ಅಂಕಿಗಳ ಮೇಲೆಯೇ ನಿಂತಿರುವುದು. ಎಣಿಕೆಗೆ ತಪ್ಪಿದ ಬೀದಿಯು ಹಂಚಿಕೆಗೂ ತಪ್ಪುವುದುಂಟು. ಹಾಗೆ ತಪ್ಪುವವರು ಬಹುಮಟ್ಟಿಗೆ ಬಡವರೇ.

ಇನ್ನು ಹೊಸ ಕ್ರಮವನ್ನು ನೋಡೋಣ. ಬಹು ಎತ್ತರದಿಂದ ಉಪಗ್ರಹವು ತೆಗೆದ ಚಿತ್ರದಲ್ಲಿ ಊರಿನ ಮಾಳಿಗೆಗಳೆಲ್ಲವೂ ಕಾಣುವುವು. ಆ ಚಿತ್ರದ ಮೇಲೆ ಗಣಕಯಂತ್ರದಲ್ಲಿ ಗಣತಿಯ ಭಾಗಗಳ ಗೆರೆಗಳನ್ನು ಎಳೆಯುವರು. ಎರಡು ಭಾಗಗಳು ಒಂದರ ಮೇಲೊಂದು ಬಿದ್ದರೆ, ಅಥವಾ ನಡುವೆ ಸಂದು ಉಳಿದರೆ, ಯಂತ್ರವೇ ತೋರಿಸಿಕೊಡುವುದು. ಗಣತಿದಾರನ ಮೊಬೈಲಿನಲ್ಲಿ ಜಿ.ಪಿ.ಎಸ್. ಎಂಬ ಸಾಧನವಿರುವುದು. ನಾಲ್ಕು ಗುಡಿಗಳ ಗಂಟೆಯ ನಾದವು ನಮಗೆ ಎಷ್ಟೆಷ್ಟು ತಡವಾಗಿ ಕೇಳಿತೆಂಬುದರಿಂದ ನಾವು ನಿಂತ ಸ್ಥಳವನ್ನು ಊಹಿಸಬಹುದಷ್ಟೆ? ಹಾಗೆಯೇ ಆ ಸಾಧನವು ನಾಲ್ಕು ಅಥವಾ ಹೆಚ್ಚು ಉಪಗ್ರಹಗಳ ಸಂಜ್ಞೆಗಳು ಬಂದು ತಲಪಿದ ಹೊತ್ತನ್ನು ಅಳೆದು ತನ್ನ ಸ್ಥಾನವನ್ನು ಕಂಡುಕೊಳ್ಳುವುದು. ಮೊದಲು ಗಣತಿಯವರು ಬಾಗಿಲ ಮೇಲೆ ಬರೆದ ಅಂಕಿಯು ಹಬ್ಬದ ಸುಣ್ಣದಲ್ಲಿ ಅಳಿಸಿಹೋಗುತ್ತಿತ್ತು. ನಕ್ಷೆಯ ಮೇಲಿನ ಬಿಂದುವನ್ನು ಯಾವ ಸುಣ್ಣವೂ ಅಳಿಸಲಾರದು. ಯಾವ ಮನೆಗೆ ಇನ್ನೂ ಹೋಗಿಲ್ಲವೆಂಬುದು ಮೇಲ್ವಿಚಾರಕರಿಗೆ ಅಂದಂದೇ ತಿಳಿಯುವುದು.

ಬ್ರೆಜಿಲ್ ದೇಶದವರು 2010ರಲ್ಲಿಯೇ ಇಂತಹ ಕೈಯಂತ್ರಗಳಿಂದ ಗಣತಿ ನಡೆಸಿದರು. ಆಫ್ರಿಕದ ಕೀನ್ಯಾ ದೇಶವು 2019ರ ಆಗಸ್ಟಿನಲ್ಲಿ ಟ್ಯಾಬ್ಲೆಟ್ಟುಗಳಿಂದ ಎಣಿಸಿ, ತನ್ನ ಜನರು ನಾಲ್ಕು ಕೋಟಿ 75 ಲಕ್ಷವೆಂದು ಕಂಡುಕೊಂಡಿತು. ನಮ್ಮಲ್ಲಿಯೂ 2026ರ ಏಪ್ರಿಲಿನಿಂದ ಸೆಪ್ಟೆಂಬರಿನೊಳಗೆ ಮನೆಪಟ್ಟಿ, 2027ರ ಫೆಬ್ರವರಿಯಲ್ಲಿ ಜನರ ಎಣಿಕೆ ಎಂದು ಗೊತ್ತುಪಡಿಸಿ, ಮೊಬೈಲಿನಲ್ಲಿ ಬರೆಯುವ ಕ್ರಮಕ್ಕೂ ಗಣಕದ ನಕ್ಷೆಯ ಮೇಲೆ ಭಾಗಗಳನ್ನು ಗುರುತಿಸುವ ಸಾಧನಕ್ಕೂ ಕೇಂದ್ರ ಮಂತ್ರಿಮಂಡಲವು 2025ರ ಡಿಸೆಂಬರಿನಲ್ಲಿ ಒಪ್ಪಿಗೆಯಿತ್ತಿತು. ಸುಮಾರು 30 ಲಕ್ಷ ಮಂದಿ ಕೆಲಸಗಾರರು ಇದಕ್ಕೆ ಬೇಕೆಂದು ಅಂದಾಜು ಮಾಡಲಾಯಿತು.

ಇಷ್ಟೆಲ್ಲ ಆದರೂ ಒಂದು ಮಾತನ್ನು ಮರೆಯಲಾಗದು. ಉಪಗ್ರಹಕ್ಕೆ ಕಾಣುವುದು ಮಾಳಿಗೆ. ಮಾಳಿಗೆಯ ಕೆಳಗೆ ಎಷ್ಟು ಒಲೆ ಉರಿಯುವುವೆಂಬುದು ಅದಕ್ಕೆ ಕಾಣದು. ಐದಂತಸ್ತಿನ ಕಟ್ಟಡದ ಇಪ್ಪತ್ತು ಮನೆಗಳು ಮೇಲಿನಿಂದ ಒಂದೇ ಬಿಂದು. ಒತ್ತಾದ ಓಣಿಯಲ್ಲಿಯೂ ದಟ್ಟವಾದ ಮರದ ಕೆಳಗೂ ಜಿ.ಪಿ.ಎಸ್. ಕೆಲವು ಮಾರು ತಪ್ಪುವುದುಂಟು. ಅಷ್ಟು ತಪ್ಪಿದರೆ ನಮ್ಮ ಮನೆಯು ನೆರೆಯವರ ಹಿತ್ತಿಲಿನಲ್ಲಿ ನಿಲ್ಲುವುದು. ಗಿರಣಿಯ ಹಿಂದಿನ ತಗಡು, ಮೇಲಿನಿಂದ ನೋಡುವವರಿಗೆ, ಗಿರಣಿಯದೇ ಒಂದು ಚಾವಣಿ. ಇನ್ನು ಮಾಳಿಗೆಯೇ ಇಲ್ಲದವರ ಮಾತು ಹೇಗೆ? 2011ರ ಫೆಬ್ರವರಿ 28ರ ರಾತ್ರಿ ಗಣತಿದಾರರು ರೈಲು ನಿಲ್ದಾಣ, ಸೇತುವೆಯ ಕೆಳಗು, ದೇವಸ್ಥಾನದ ಜಗಲಿಗಳಿಗೆ ಹೋಗಿ ಮಲಗಿದ್ದವರನ್ನು ಎಣಿಸಿದರು. ದೇಶದಲ್ಲಿ ಅಂತಹವರು 17 ಲಕ್ಷಕ್ಕೆ ಮೀರಿದ್ದರು. ಅವರನ್ನು ಲೆಕ್ಕಕ್ಕೆ ತಂದುದು ರಾತ್ರಿಯೆಲ್ಲ ನಡೆದ ಮನುಷ್ಯರ ಕಾಲುಗಳು.

ನಮ್ಮ ಮನೆಯ ಗುರುತು ಯಂತ್ರದಲ್ಲಿ ಸೇರಿದರೆ ಕೇಡಾಗದೆ ಎಂದು ಕೆಲವರು ಅಂಜುವರು. ಮಕ್ಕಳ ತಲೆಯನ್ನು ಎಣಿಸಬಾರದೆಂದು ಹಿಂದಿನವರು ಅಂಜಿದಂತೆ ಇದನ್ನು ನಕ್ಕು ಬಿಡತಕ್ಕದ್ದಲ್ಲ. ಕೇಳತಕ್ಕ ಪ್ರಶ್ನೆಯೇ ಸರಿ. 1948ರ ಜನಗಣತಿ ಕಾಯಿದೆಯಂತೆ ಒಬ್ಬೊಬ್ಬರ ವಿವರವು ಗೋಪ್ಯ. ಅದನ್ನು ಯಾರೂ ಕೇಳಿ ನೋಡುವಂತಿಲ್ಲ, ನ್ಯಾಯಸ್ಥಾನದಲ್ಲಿ ಸಾಕ್ಷ್ಯವಾಗಿಯೂ ತರುವಂತಿಲ್ಲ. ಬರೆಯುವ ಸಾಧನವು ಹೊಸದಾದಷ್ಟೂ ಈ ಹಳೆಯ ಕಟ್ಟಳೆಯನ್ನು ಸರಕಾರವು ಹೆಚ್ಚು ಬಿಗಿಯಾಗಿ ಪಾಲಿಸಬೇಕೆಂದು ಕೇಳುವ ಹಕ್ಕು ನಮಗಿದೆ.

ಗೃಹಸ್ಥರು ಮಾಡಬೇಕಾದ ಕೆಲಸವು ದೊಡ್ಡದೇನಲ್ಲ. ಗಣತಿದಾರರು ಬಂದಾಗ ಹೊಸಲಿನ ಹೊರಗೆ ನಿಲ್ಲಿಸದೆ ಕುಳ್ಳಿರಿಸಿ, ಒಂದು ಲೋಟ ನೀರು ಕೊಡುವುದು. ಆರು ತಿಂಗಳ ಕೂಸನ್ನೂ ಹಾಸಿಗೆ ಹಿಡಿದ ಅಜ್ಜಿಯನ್ನೂ ಬಿಡದೆ ಹೇಳುವುದು. ಮಹಡಿಯ ಮೇಲಿನ ಬಾಡಿಗೆಯವರು, ಹಿತ್ತಿಲ ಕೋಣೆಯವರು, ಮನೆಗೆಲಸಕ್ಕೆಂದು ನಮ್ಮಲ್ಲಿಯೇ ಮಲಗುವ ಹುಡುಗಿ, ಎದುರಿನ ಅರೆಗಟ್ಟಿದ ಕಟ್ಟಡದ ಕಾವಲುಗಾರನ ಸಂಸಾರ, ಇವರೆಲ್ಲರ ಇರವನ್ನು ನಾವಾಗಿಯೇ ತೋರಿಸಿಕೊಡುವುದು. ಅವರ ಬಾಗಿಲು ಬೀದಿಗೆ ಕಾಣದೆ ಇದ್ದರೆ, ಚಪ್ಪಲಿ ಮೆಟ್ಟಿಕೊಂಡು ಹತ್ತು ಹೆಜ್ಜೆ ಜೊತೆಗೆ ಹೋಗಿ ದಾರಿ ತೋರುವುದರಿಂದ ನಮಗೇನೂ ನಷ್ಟವಿಲ್ಲ.