ಹಾಡಿನ ಅಂಕಿತ, ಹಾಡಿದವರ ಹೆಸರು

ನಾರಾಯಣಪುರದ ನಮ್ಮ ಮನೆಯಲ್ಲಿ 41 ಸಿಡಿಗಳಿವೆ. ಅಪ್ಪ ಸಾಲಿ ಮಾಸ್ತರರಾಗಿದ್ದವರು. ಪಗಾರದ ದಿನ ಬಸವಕಲ್ಯಾಣದಿಂದ, ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಿಂದ ಒಂದೊಂದೇ ಕೊಂಡು ತಂದದ್ದು. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಹಾಡಿದ ವಚನಗಳೇ ಹೆಚ್ಚು. ತತ್ವಪದ, ಮೊಹರಂ ಪದ, ಮಾಣಿಕಪ್ರಭುಗಳ ಪದಗಳೂ ಇವೆ. ಪ್ಲೇಯರ್ ಕೆಟ್ಟು ಬಹಳ ದಿನವಾಯಿತು. ಹೊಸ ಲ್ಯಾಪ್‌ಟಾಪುಗಳಿಗೆ ಸಿಡಿ ಹಾಕುವ ಬಾಯಿಯೇ ಇಲ್ಲ. ನನ್ನ ಹಳೆಯದಕ್ಕೆ ಇದೆ. ಹಾಗಾಗಿ ಈ ಬೇಸಿಗೆ ರಜೆಯಲ್ಲಿ ಪ್ರಬಂಧದ ಅಧ್ಯಾಯವೊಂದನ್ನು ಬದಿಗಿಟ್ಟು ಎಲ್ಲವನ್ನೂ ಫೈಲುಗಳಾಗಿ ಇಳಿಸಲು ಕುಳಿತೆ.

ಕೆಲಸ ಹೊರನೋಟಕ್ಕೆ ಸರಳ. ಸಿಡಿಯಲ್ಲಿ ಹಾಡು ಆಗಲೇ ಅಂಕಿಗಳಾಗಿಯೇ ಇರುತ್ತದೆ: ಸೆಕೆಂಡಿಗೆ 44,100 ಸಲ ಅಳೆದ ಸದ್ದು, ಎಡಕ್ಕೊಂದು, ಬಲಕ್ಕೊಂದು. ಒಂದು ಗಂಟೆಯ ಹಾಡು ಸುಮಾರು 600 ಎಂಬಿ. ಎಂಪಿ3 ಮಾಡಿದರೆ ಅದು ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ, ಆದರೆ ಕಿವಿಗೆ ಅಷ್ಟಾಗಿ ಬೇಡವೆಂದು ಲೆಕ್ಕ ಹಾಕಿದ್ದನ್ನು ಅದು ಬಿಸಾಕುತ್ತದೆ. ಫ್ಲ್ಯಾಕ್ ಎಂಬ ಇನ್ನೊಂದು ಬಗೆ ಏನನ್ನೂ ಬಿಸಾಕದೆ ಸುಮಾರು ಅರ್ಧಕ್ಕೆ ಮಡಚಿಡುತ್ತದೆ. ನಾನು ಫ್ಲ್ಯಾಕನ್ನೇ ಆರಿಸಿಕೊಂಡೆ. ಜಾತ್ರೆಯಲ್ಲಿ ಸಿಕ್ಕ ‘ನೂರು ಹಾಡುಗಳ’ ಸಿಡಿಗಳು ಮಾತ್ರ ಮೊದಲೇ ಎಂಪಿ3. ಅವನ್ನು ಇದ್ದಂತೆಯೇ ನಕಲು ಮಾಡಿಕೊಂಡೆ. ಒಮ್ಮೆ ಬಿಸಾಕಿದ್ದನ್ನು ಯಾವ ಫ್ಲ್ಯಾಕೂ ಮರಳಿ ತರಲಾರದು.

ಕಷ್ಟ ಇದ್ದದ್ದು ಹೆಸರುಗಳಲ್ಲಿ. ಬಹುಪಾಲು ಆಡಿಯೋ ಸಿಡಿಗಳ ಒಳಗೆ ಹಾಡಿನ ಹೆಸರೇ ಇರುವುದಿಲ್ಲ. ಎಷ್ಟು ಹಾಡು, ಯಾವುದು ಎಷ್ಟು ಹೊತ್ತು, ಇಷ್ಟೇ. ತಂತ್ರಾಂಶ ಆ ಹೊತ್ತಿನ ಲೆಕ್ಕವನ್ನು ಅಂತರ್ಜಾಲದ ಕೋಶಕ್ಕೆ ಕಳಿಸಿ, ಹಿಂದೆ ಯಾರೋ ತುಂಬಿಸಿಟ್ಟ ಹೆಸರುಗಳನ್ನು ತರುತ್ತದೆ. ನಮ್ಮ ವಚನಗಳಿಗೆ ಬಂದ ಹೆಸರುಗಳು ರೋಮನ್ ಲಿಪಿಯಲ್ಲಿದ್ದವು. ಅಲ್ಲಿ ಲಕಾರಕ್ಕೂ ಳಕಾರಕ್ಕೂ ಭೇದವಿಲ್ಲ. ಒಂದನ್ನೊಂದಾಗಿ ಅಳಿಸಿ ಕನ್ನಡದಲ್ಲಿ ಬರೆದೆ. ಫೈಲಿನ ಪಟ್ಟಿಯಲ್ಲಿ ಗಾಯಕ, ಸಂಯೋಜಕ, ಆಲ್ಬಂ, ವರ್ಷ ಎಂಬ ಮನೆಗಳಿವೆ. ವಚನಕಾರರನ್ನು ಎಲ್ಲಿ ಕೂಡಿಸುವುದು? ಅಲ್ಲಮಪ್ರಭು ‘ಸಂಯೋಜಕ’ನೇ?

ಆಗ ಹೊಳೆದದ್ದು, ವಚನಕ್ಕೆ ಈ ಪಟ್ಟಿಯ ಹಂಗಿಲ್ಲ. ಕಿವಿಗೊಟ್ಟರೆ ಸಾಕು. ಗುಹೇಶ್ವರಾ ಎಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ, ಕೂಡಲಸಂಗಮದೇವ ಎಂದರೆ ಬಸವಣ್ಣ. ಹೆಸರನ್ನು ಹಾಡಿನ ಒಳಗೇ ಹೊಲಿದಿಟ್ಟಿದ್ದಾರೆ. ಕಲ್ಯಾಣದಲ್ಲಿ ಕ್ರಾಂತಿಯಾಗಿ ಶರಣರು ಚದುರಿದರು. ವಚನಗಳು ತಾಳೆಗರಿಯಿಂದ ತಾಳೆಗರಿಗೆ ದಾಟಿದವು. ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ಗರಿಗಳನ್ನು ಕೂಡಿಹಾಕಿ 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚು ಹಾಕಿಸಿದರು. ಇಷ್ಟು ನಕಲುಗಳ ನಡುವೆ ಯಾರದು ಯಾವುದು ಎಂದು ತಿಳಿಯುವುದು ಬಹುಮಟ್ಟಿಗೆ ಅಂಕಿತದಿಂದಲೇ. ಆದರೆ ಆ ಗರಿಗಳನ್ನು ಪ್ರತಿ ಮಾಡಿದ ಎಷ್ಟೋ ಕೈಗಳಿಗೆ ಹೆಸರಿಲ್ಲ.

ಸಿಡಿಯಲ್ಲೂ ಅದೇ ಕತೆ. ಹಾಡಿದವರ ಹೆಸರು ಮುಖಪುಟದಲ್ಲಿ ದಪ್ಪಗಿರುತ್ತದೆ. ತಬಲಾ, ಹಾರ್ಮೋನಿಯಂ, ತಂಬೂರಿಯವರ ಹೆಸರು ಒಳಗಿನ ಚೀಟಿಯ ಮೂಲೆಯಲ್ಲಿ ಸಣ್ಣಗೆ. ಡಬ್ಬಿ ಒಡೆದು ಚೀಟಿ ಕಳೆದರೆ ಅವರೂ ಕಳೆದರು. ನಾನು ಫೈಲುಗಳನ್ನು ತೋರಿಸಿದಾಗ ಅಪ್ಪ ಧ್ವನಿ ಹೇಗಿದೆ ಎಂದು ಕೇಳಲಿಲ್ಲ. “ತಬಲಾ ಯಾರು ಬಾರ್ಸ್ಯಾರಂತ ಬರದೀಯೇನು?” ಎಂದು ಕೇಳಿದರು. ಬರೆದಿದ್ದೆ, ಚೀಟಿ ಉಳಿದ 23ಕ್ಕೆ.

41ನೆಯದು ಅಂಗಡಿಯದಲ್ಲ. ಮೇಲೆ ನೀಲಿ ಮಾರ್ಕರಿನಲ್ಲಿ ‘ಭಜನಿ’ ಎಂದಷ್ಟೇ ಇದೆ. ನಮ್ಮೂರಿನ ಭಜನಾ ಮಂಡಳಿಯವರು ಒಂದು ಶ್ರಾವಣದ ರಾತ್ರಿ ಹಾಡಿದ್ದನ್ನು ಯಾರೋ ಧ್ವನಿಮುದ್ರಿಸಿ ಸುಟ್ಟುಕೊಟ್ಟದ್ದು. ಕೈಯಿಂದ ಸುಟ್ಟ ಸಿಡಿಯ ಬಣ್ಣದ ಪದರ ಬಿಸಿಲು ಸೆಕೆಗೆ ಬೇಗ ಮಾಸುತ್ತದೆ. ನಮ್ಮ ಬೀದರ ಸೀಮೆಯ ಬಿಸಿಲು ಗೊತ್ತಲ್ಲ! ಡ್ರೈವ್ ಒಂದೊಂದು ತುಣುಕನ್ನೂ ಮತ್ತೆ ಮತ್ತೆ ಓದಿ ಮೂರು ತಾಸು ತೆಗೆದುಕೊಂಡಿತು. ಕೊನೆಯ ಎರಡು ಪದ ಬರಲೇ ಇಲ್ಲ. ಅಂತರ್ಜಾಲದ ಕೋಶದಲ್ಲಿ ಹುಡುಕಿದರೆ ‘ಹೊಂದುವ ದಾಖಲೆ ಇಲ್ಲ’. ಅಂದರೆ ಆ ಕೋಶಕ್ಕೆ ಈ ಹಾಡುಗಳು ಇಲ್ಲವೇ ಇಲ್ಲ.

ಅಪ್ಪ ಮತ್ತು ಪಕ್ಕದ ಮನೆಯ ಅಜ್ಜ ಎರಡು ಸಂಜೆ ಕೂತು ಕೇಳಿದರು. ದಪ್ಪನ ದನಿ ಇಂಥವರದು, ತಾಳ ತುಸು ಮುಂದೆ ಓಡಿಸುವವರು ಇಂಥವರು ಎಂದು ಗುರುತು ಹಿಡಿದರು. ಐವರು ಸಿಕ್ಕರು, ಅವರಲ್ಲಿ ಮೂವರು ಈಗಿಲ್ಲ. ಫೈಲಿನ ಪಟ್ಟಿಯಲ್ಲಿ ಇಷ್ಟು ಹೆಸರು ಹಿಡಿಸುವ ಮನೆಯಿರಲಿಲ್ಲ. ‘ಟಿಪ್ಪಣಿ’ ಎಂಬಲ್ಲಿ ಐದನ್ನೂ ಬರೆದೆ. ಹಾರ್ಮೋನಿಯಂ ಯಾರೆಂದು ಇಬ್ಬರಿಗೂ ತಿಳಿಯಲಿಲ್ಲ. ಆ ಜಾಗ ಖಾಲಿ ಬಿಟ್ಟಿದ್ದೇನೆ. ಬರುವ ಶ್ರಾವಣದಲ್ಲಿ ಮಂಡಳಿ ಕೂಡಿದಾಗ ಫೋನಿನಲ್ಲಿ ಹಚ್ಚಿ, ಉಳಿದ ಹಿರಿಯರನ್ನು ಕೇಳಬೇಕು.