ಕರೆದವನೊಬ್ಬ, ತೆತ್ತವಳೊಬ್ಬಳು

ದೆವ್ವದ ಕಥೆಗಳ ಆಯುಸ್ಸು ಸಾಮಾನ್ಯವಾಗಿ ಒಂದು ರಾತ್ರಿ. ಮನೆಯವರೆಲ್ಲ ಮಲಗಿದ ಮೇಲೆ ಓದುಗನು ದೀಪದ ಬಳಿ ಕುಳಿತು ಓದುತ್ತಾನೆ. ಹಿತ್ತಿಲಲ್ಲಿ ತೆಂಗಿನ ಗರಿ ಬಿದ್ದರೂ ಬೆಚ್ಚುತ್ತಾನೆ. ಬೆಳಗಿನ ಕಾಫಿಯ ಹೊತ್ತಿಗೆ ಕಥೆಯೂ ಇಲ್ಲ, ಭಯವೂ ಇಲ್ಲ. ಹಾಗೆ ಮರೆತುಹೋಗದೆ ನೂರ ಮೂವತ್ತು ವರ್ಷಗಳಿಂದ ಓದುಗರ ಬೆನ್ನು ಹಿಡಿದು ಬಂದಿರುವ ಒಂದು ನೀಳ್ಗತೆ ಇಂಗ್ಲಿಷಿನಲ್ಲಿದೆ. ಹೆಸರು 'ದಿ ಗ್ರೇಟ್ ಗಾಡ್ ಪ್ಯಾನ್'. ಬರೆದವನು ಆರ್ಥರ್ ಮ್ಯಾಕನ್. 1894ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಹೊರಬಂದ ಇದನ್ನು ಒಂದೇ ಸಂಜೆಯಲ್ಲಿ ಓದಿ ಮುಗಿಸಬಹುದು. ಆದರೆ ಅದರಲ್ಲಿ ನಿಜವಾಗಿ ಹೆದರಿಸುವುದು ಯಾವುದು ಎಂಬ ಪ್ರಶ್ನೆ ಅಷ್ಟು ಬೇಗ ಮುಗಿಯುವಂಥದಲ್ಲ.

ಮ್ಯಾಕನ್ 1863ರಲ್ಲಿ ವೇಲ್ಸ್ ನಾಡಿನ ಕಾರ್ಲಿಯನ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವನು, ಪಾದ್ರಿಯೊಬ್ಬರ ಮಗ. ಒಂದು ಕಾಲಕ್ಕೆ ಅಲ್ಲಿ ರೋಮನ್ನರ ದಂಡು ಬೀಡುಬಿಟ್ಟಿತ್ತು. ಅಗೆದಲ್ಲೆಲ್ಲ ಹಳೆಯ ಕಲ್ಲು, ಹಳೆಯ ಬರಹ. ಇಗರ್ಜಿಯ ಮಗ್ಗುಲಲ್ಲೇ ನೆಲದಡಿಯಲ್ಲಿ ಪೂಜೆ ನಿಂತುಹೋದ ದೇವತೆಗಳು ಮಲಗಿದ್ದಾರೆಂಬ ಭಾವನೆ ಅಂಥ ಊರಿನ ಹುಡುಗನಿಗೆ ಬಾರದೆ ಇದ್ದೀತೆ? ಮುಂದೆ ಅವನು ಲಂಡನ್ನಿಗೆ ಬಂದು ಪಾಠ ಹೇಳಿ, ಪುಸ್ತಕಗಳ ಪಟ್ಟಿ ಬರೆದು, ಅನುವಾದ ಮಾಡಿ ಹೊಟ್ಟೆ ಹೊರೆದನು. ಈ ಕಥೆಯ ಮೊದಲ ಅಧ್ಯಾಯ 1890ರಲ್ಲಿ ಒಂದು ಪತ್ರಿಕೆಯಲ್ಲಿ ಬೆಳಕು ಕಂಡಿತು.

ಪ್ಯಾನ್ ಗ್ರೀಕರ ದೇವತೆ. ಸೊಂಟದ ಕೆಳಗೆ ಮೇಕೆ, ಮೇಲೆ ಮನುಷ್ಯ. ತಲೆಯಲ್ಲಿ ಕೊಂಬು, ಕೈಯಲ್ಲಿ ಕೊಳಲು. ದನಗಾಹಿ, ಕೊಳಲು ಎಂದೊಡನೆ ನಮ್ಮವರಿಗೆ ಬೇರೊಬ್ಬನ ನೆನಪಾಗುವುದು ಸಹಜ. ಆದರೆ ಇವನ ದಾರಿಯೇ ಬೇರೆ. ನಡುಹಗಲಿನ ಕಾಡಿನ ಮೌನದಲ್ಲಿ ಮಂದೆಯನ್ನೂ ಮನುಷ್ಯನನ್ನೂ ಕಾರಣವಿಲ್ಲದೆ ಹಿಡಿಯುವ ದಿಗಿಲು ಇವನದು. 'ಪ್ಯಾನಿಕ್' ಎಂಬ ಇಂಗ್ಲಿಷ್ ಮಾತು ಹುಟ್ಟಿದ್ದು ಇವನ ಹೆಸರಿನಿಂದ. ಟಿಬೇರಿಯಸ್ ಚಕ್ರವರ್ತಿಯ ಕಾಲದಲ್ಲಿ ಸಾಗುತ್ತಿದ್ದ ಹಡಗೊಂದರ ಚುಕ್ಕಾಣಿಗನನ್ನು ದ್ವೀಪದ ಕಡೆಯಿಂದ ಯಾವುದೋ ದನಿ ಹೆಸರು ಹಿಡಿದು ಕೂಗಿ, ಪ್ಯಾನ್ ಮಡಿದನೆಂದು ಮುಂದಿನ ದಡದಲ್ಲಿ ಸಾರಬೇಕೆಂದು ಹೇಳಿತಂತೆ. ಪ್ಲುಟಾರ್ಕ್ ಬರೆದಿಟ್ಟಿರುವ ಕಥೆ ಇದು. ಹೀಗೆ ಸತ್ತನೆಂದು ಸಾರಲ್ಪಟ್ಟ ದೇವತೆಯನ್ನೇ ಮ್ಯಾಕನ್ನನ ಕಥೆಯ ವೈದ್ಯನೊಬ್ಬ ಮತ್ತೆ ಕರೆಯುತ್ತಾನೆ.

ಮಂತ್ರವಿಲ್ಲ, ಮಂಡಲವಿಲ್ಲ, ನಿಂಬೆಹಣ್ಣಿಲ್ಲ. ಇರುವುದು ಒಂದು ಸಣ್ಣ ಶಸ್ತ್ರ. ಕಣ್ಣಿಗೆ ಕಾಣುವ ಜಗತ್ತು ಬರಿಯ ತೆರೆ. ಮಿದುಳಿನ ಒಂದೆಡೆ ಕೂದಲೆಳೆಯಷ್ಟು ಗಾಯ ಮಾಡಿದರೆ ಆ ತೆರೆ ಸರಿದು ಆಚೆಗಿರುವುದು ಕಾಣುತ್ತದೆ ಎಂಬುದು ಡಾಕ್ಟರ್ ರೇಮಂಡನ ಸಿದ್ಧಾಂತ. ಪ್ರಯೋಗಕ್ಕೆ ಅವನು ಒಡ್ಡುವುದು ತನ್ನ ತಲೆಯನ್ನಲ್ಲ. ಮೇರಿ ಎಂಬ ಹದಿಹರೆಯದ ಹುಡುಗಿಯ ತಲೆಯನ್ನು. ಸಾಕ್ಷಿಗೆಂದು ಕರೆಸಿದ ಗೆಳೆಯ ಕ್ಲಾರ್ಕ್ ಅಳುಕುತ್ತಾನೆ. ಅವನಿಗೆ ರೇಮಂಡ್ ಕೊಡುವ ಸಮಾಧಾನ ಇದು: ಬೀದಿಯ ಕೊಚ್ಚೆಯಲ್ಲಿ ಹಸಿದು ಸಾಯಲಿದ್ದ ಮಗುವನ್ನು ಎತ್ತಿ ತಂದು ಸಾಕಿದವನು ತಾನು, ಆದುದರಿಂದ ಅವಳ ಪ್ರಾಣ ತನ್ನ ಸೊತ್ತು.

ಇಷ್ಟು ಹೇಳಿದವನು ಹುಡುಗಿಯ ಒಪ್ಪಿಗೆಯನ್ನೂ ಕೇಳುತ್ತಾನೆ! ನೀನು ಸ್ವತಂತ್ರಳು, ನಿನ್ನನ್ನು ನನಗೆ ಒಪ್ಪಿಸುವೆಯಾ ಎನ್ನುತ್ತಾನೆ. ಅವಳು ಹೂಂ ಎನ್ನುತ್ತಾಳೆ. ಕೇಳಿಸಿತಷ್ಟೆ, ನೀನೇ ಸಾಕ್ಷಿ ಎಂದು ಗೆಳೆಯನ ಕಡೆಗೆ ತಿರುಗುತ್ತಾನೆ. ಮೇರಿ ಬೇಡುವುದು ಒಂದೇ ಒಂದು: ಆರಂಭಿಸುವುದಕ್ಕೆ ಮುನ್ನ ತನಗೊಂದು ಮುತ್ತು. ಅದನ್ನು ಅವನು ಕೊಡುತ್ತಾನೆ. ಎಚ್ಚರವಾದಾಗ ಅವಳ ಕಣ್ಣುಗಳಲ್ಲಿ ಬೆರಗು ತುಂಬಿ, ಕಾಣದ ಏನನ್ನೋ ಮುಟ್ಟುವಂತೆ ಕೈ ಮುಂದೆ ಚಾಚುತ್ತದೆ. ಮರುಗಳಿಗೆ ಆ ಬೆರಗು ಅಳಿದು, ಕಂಡವರು ಮರೆಯಲಾರದ ಭಯ. ಮೂರು ದಿನಗಳ ತರುವಾಯ ಅವಳು ಹಾಸಿಗೆಯಲ್ಲಿ ತಲೆಯನ್ನು ಆ ಕಡೆ ಈ ಕಡೆ ಹೊರಳಿಸುತ್ತ ಅರ್ಥವಿಲ್ಲದೆ ನಗುತ್ತಿದ್ದಾಳೆ. ಪಾಪ, ಏನೂ ಮಾಡುವಂತಿರಲಿಲ್ಲ, ಹೇಗೂ ದೇವತೆಯನ್ನು ಕಂಡಳಲ್ಲ ಎಂಬ ಧಾಟಿಯಲ್ಲಿ ವೈದ್ಯನು ಮಾತು ಮುಗಿಸುತ್ತಾನೆ.

ಮೇರಿಯ ಆ 'ಹೂಂ' ಎಂಬುದರ ಬೆಲೆಯನ್ನು ಅನ್ನದ ಋಣ ಎಂಬ ಮಾತು ಕೇಳುತ್ತ ಬೆಳೆದವರಿಗೆ ವಿವರಿಸಬೇಕಾಗಿಲ್ಲ. ದೂರದ ಸಂಬಂಧದ ತಬ್ಬಲಿ ಹುಡುಗಿಯನ್ನು ಮನೆಯಲ್ಲಿಟ್ಟುಕೊಂಡು, ಬಂದವರೆದುರು 'ನಮ್ಮ ಮಗಳ ಹಾಗೆಯೇ' ಎನ್ನುತ್ತ, ಅವರು ಹೋದೊಡನೆ ಮುಸುರೆ ಪಾತ್ರೆಗಳ ಮುಂದೆ ಕೂರಿಸುವ ಮನೆಗಳನ್ನು ಯಾರು ಕಂಡಿಲ್ಲ? ಅಂಥ ಹುಡುಗಿಯನ್ನು ಏನು ಕೇಳಿದರೂ ಅವಳು ಒಲ್ಲೆನೆನ್ನುವಳೆ? ಕುಂತಿಯೂ ದೇವತೆಯನ್ನು ಕರೆದವಳೇ. ದೂರ್ವಾಸರ ಮಂತ್ರವನ್ನು ಪರೀಕ್ಷಿಸಿ ನೋಡುವ ಎಳೆಯ ಕುತೂಹಲ. ಸೂರ್ಯನೇ ಎದುರು ಬಂದು ನಿಂತಾಗ ನಡುಗಿದಳು. ಕೂಸನ್ನು ಹೊಳೆಯಲ್ಲಿ ತೇಲಿಬಿಟ್ಟು ಬಾಳೆಲ್ಲ ಬೆಂದಳು. ಆದರೂ ಕರೆದ ನಾಲಗೆ ಅವಳದೇ ಆಗಿತ್ತು. ಮೇರಿಗೆ ಅಷ್ಟೂ ಇಲ್ಲ. ಕುತೂಹಲ ಒಬ್ಬನದು, ಮಿದುಳು ಇನ್ನೊಬ್ಬಳದು.

ಮುಂದಿನ ಕಥೆ ಹೆಲೆನ್ ವಾನ್ ಎಂಬ ಚೆಲುವೆಯದು. ಅವಳು ಬಾಲ್ಯದಲ್ಲಿ ಕಾಡಿನಲ್ಲಿ ಯಾರೊಡನೆಯೋ ಆಡುತ್ತಿದ್ದುದನ್ನು ಕಂಡ ಏಳು ವರ್ಷದ ಹುಡುಗನೊಬ್ಬ ಕಿರಿಚಿಕೊಂಡು ಓಡಿಬರುತ್ತಾನೆ. ಎಷ್ಟೋ ದಿನಗಳಾದ ಮೇಲೆ, ನೆಲದಿಂದ ತೆಗೆದ ರೋಮನ್ ಕಾಲದ ಕಲ್ಲಿನ ಮುಖವೊಂದನ್ನು ನೋಡಿ ಅದೇ ಭಯದಿಂದ ಬುದ್ಧಿ ಕಳೆದುಕೊಳ್ಳುತ್ತಾನೆ. ಅವಳ ಕೈ ಹಿಡಿದವನು ಲಂಡನ್ನಿನ ಬೀದಿಯಲ್ಲಿ ಭಿಕ್ಷೆಗೆ ನಿಲ್ಲುತ್ತಾನೆ. ಸಿರಿವಂತರು, ಗೌರವಸ್ಥರು, ಒಬ್ಬರಾದ ಮೇಲೊಬ್ಬರು ನೇಣು ಹಾಕಿಕೊಳ್ಳುತ್ತಾರೆ. ಕೊನೆಗೆ ಅವಳ ಗುಟ್ಟು ತಿಳಿದವರು ಅವಳ ಮುಂದೆಯೂ ಹಗ್ಗವನ್ನಿಡುತ್ತಾರೆ. ಸಾಯುವಾಗ ಅವಳ ದೇಹವು ಹೆಣ್ಣಿನಿಂದ ಗಂಡಾಗಿ, ಮನುಷ್ಯನಿಂದ ಮೃಗವಾಗಿ ಕರಗುತ್ತ ಹೋಗುತ್ತದೆ. ಅವಳು ಯಾರ ಮಗಳೆಂಬುದನ್ನು ಓದುಗರು ಆಗಲೇ ಊಹಿಸಿರಬಹುದು. ಆ ಪ್ರಯೋಗವಾದ ಒಂಬತ್ತು ತಿಂಗಳಿಗೆ ಮೇರಿ ಹೆತ್ತು ಸತ್ತಿದ್ದಳು.

ಹೆಲೆನ್ ಮಾಡಿದ್ದಾದರೂ ಏನು? ಇಡೀ ಪುಸ್ತಕವನ್ನು ಜಾಲಾಡಿದರೂ ಅದಕ್ಕೆ ಉತ್ತರ ಸಿಕ್ಕುವುದಿಲ್ಲ. ಮ್ಯಾಕನ್ನನ ಜಾಣ್ಮೆ ಇರುವುದು ಇಲ್ಲಿ. ಕಂಡವರು ಹೇಳುವುದಿಲ್ಲ, ಹೇಳಹೊರಟವರು ನಡುವೆ ಬಾಯಿ ಮುಚ್ಚುತ್ತಾರೆ. ಅವಳ ಮನೆಯಲ್ಲಿ ನಡೆಯುತ್ತಿದ್ದುದನ್ನು ಬರೆದ ಕಾಗದಗಳನ್ನು ಒಬ್ಬನ ಕೈಗೆ ಕೊಟ್ಟರೆ, ಅವನು ಒಂದೆರಡು ಪದಗಳ ಮೇಲೆ ಕಣ್ಣಾಡಿಸಿ ಹಿಂದಕ್ಕೆ ಎಸೆದುಬಿಡುತ್ತಾನೆ. ಬರೆದಿದ್ದರೆ ಒಂದು ತಲೆಮಾರಿನಲ್ಲಿ ಹಳತಾಗಿ ನಗೆ ತರಿಸಬಹುದಾಗಿದ್ದ ಆ ಸಾಲುಗಳನ್ನು ಬರೆಯದೆ ಬಿಟ್ಟುದರಿಂದ, ಪ್ರತಿಯೊಬ್ಬ ಓದುಗನೂ ತನಗೆ ಅತ್ಯಂತ ಭಯಂಕರವಾದುದನ್ನು ತಾನೇ ಅಲ್ಲಿ ತುಂಬುತ್ತಾನೆ. ಆಚೆಯವರನ್ನು ಕರೆಯುವ ಕೆಲಸ ಓದುಗನ ಪಾಲಿಗೆ ಬರುತ್ತದೆ.

ಅಂದಿನ ಎಷ್ಟೋ ವಿಮರ್ಶಕರು ಇದನ್ನು ಅಸಹ್ಯವೆಂದು ಬೈದರು. ಮ್ಯಾಕನ್ ಆ ಬೈಗುಳಗಳನ್ನೆಲ್ಲ ಜೋಪಾನವಾಗಿಟ್ಟುಕೊಂಡು 1924ರಲ್ಲಿ ಒಂದು ಪುಸ್ತಕವಾಗಿ ಅಚ್ಚು ಹಾಕಿಸಿದನು. ಲೇಖಕರಿಗೆ ಇಷ್ಟು ಮೊಂಡುತನ ಇರಬೇಕಾದದ್ದೇ! ಅಮೆರಿಕದ ಲವ್‌ಕ್ರಾಫ್ಟ್ 1929ರಲ್ಲಿ ಪ್ರಕಟವಾದ ತನ್ನ ಕಥೆಯೊಂದರಲ್ಲಿ ಪಾತ್ರದ ಬಾಯಿಂದಲೇ ಈ ಪುಸ್ತಕದ ಹೆಸರು ಹೇಳಿಸಿದನು. 2014ರಲ್ಲಿ 'ರಿವೈವಲ್' ಎಂಬ ಕಾದಂಬರಿಯನ್ನು ಪ್ರಕಟಿಸಿದಾಗ ಸ್ಟೀಫನ್ ಕಿಂಗ್ ಅದರ ಅರ್ಪಣೆಯ ಪುಟದಲ್ಲಿ ಈ ನೀಳ್ಗತೆಯ ಋಣವನ್ನು ಒಪ್ಪಿಕೊಂಡನು.

ಮ್ಯಾಕನ್ನನಿಗೆ ಮತ್ತೊಂದು ವಿಚಿತ್ರ ಅನುಭವವೂ ಕಾದಿತ್ತು. ಮೊದಲನೆಯ ಮಹಾಯುದ್ಧದ ಆರಂಭದಲ್ಲಿ, 1914ರ ಸೆಪ್ಟೆಂಬರ್ 29ರಂದು, ಅವನು ದಿನಪತ್ರಿಕೆಯೊಂದರಲ್ಲಿ ಒಂದು ಪುಟ್ಟ ಕಥೆ ಬರೆದನು. ಸೋಲಿನ ಅಂಚಿನಲ್ಲಿದ್ದ ಇಂಗ್ಲಿಷ್ ಸೈನಿಕನೊಬ್ಬ ಸಂತ ಜಾರ್ಜನನ್ನು ನೆನೆದಾಗ, ಹಿಂದಿನ ಶತಮಾನಗಳ ಬಿಲ್ಲುಗಾರರ ಪಡೆ ಗಾಳಿಯಿಂದಿಳಿದು ಬಂದು ಶತ್ರುವನ್ನು ಹೊಡೆಯಿತೆಂಬುದು ಅದರ ಸಾರ. ಜನ ಅದನ್ನು ನಂಬಿಬಿಟ್ಟರು. ಬಿಲ್ಲುಗಾರರು ಬಾಯಿಂದ ಬಾಯಿಗೆ ದೇವದೂತರಾದರು. ಇದು ತಾನು ಕಟ್ಟಿದ ಕಥೆಯೆಂದು ಮ್ಯಾಕನ್ ಎಷ್ಟು ಸಲ ಹೇಳಿದರೂ ಕೇಳುವವರಿರಲಿಲ್ಲ. ಮಗನನ್ನು ರಣಕ್ಕೆ ಕಳುಹಿಸಿ ಕುಳಿತ ಮನೆಗಳಿಗೆ ಆ ದೇವದೂತರು ಬೇಕಾಗಿದ್ದರು.

ಮೇರಿಯ ಕಥೆಯ ಮುಂದಿನ ಅಧ್ಯಾಯವನ್ನು ಬರೆದದ್ದು ಸಾಹಿತಿಗಳಲ್ಲ. 1935ರಲ್ಲಿ ಲಿಸ್ಬನ್ನಿನ ಎಗಾಸ್ ಮೊನಿಜ್ ಎಂಬ ವೈದ್ಯನು ಮನೋರೋಗಿಗಳ ಮಿದುಳಿನ ಮುಂಭಾಗದ ಎಳೆಗಳನ್ನು ಕಡಿದುಹಾಕುವ ಚಿಕಿತ್ಸೆಯನ್ನು ಆರಂಭಿಸಿದನು. 1949ರಲ್ಲಿ ಅವನಿಗೆ ನೊಬೆಲ್ ಬಹುಮಾನವೂ ಬಂತು. ಅಮೆರಿಕದಲ್ಲಿ ಇದೇ ಚಿಕಿತ್ಸೆ ಹತ್ತಾರು ಸಾವಿರ ಜನರ ಮೇಲೆ ನಡೆಯಿತು. ಮುಂದೆ ಅಧ್ಯಕ್ಷನಾದ ಜಾನ್ ಕೆನೆಡಿಯ ತಂಗಿ ರೋಸ್‌ಮೇರಿಗೆ 1941ರಲ್ಲಿ, ಅವಳ ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ತಂದೆಯ ತೀರ್ಮಾನದಂತೆ ಈ ಶಸ್ತ್ರಚಿಕಿತ್ಸೆ ಆಯಿತು. ನಡೆದಾಡುತ್ತಿದ್ದ, ಕುಣಿಯುತ್ತಿದ್ದ ಹುಡುಗಿ ನಡಿಗೆಯನ್ನೂ ಮಾತನ್ನೂ ಕಳೆದುಕೊಂಡಳು. ಅದಾದ ಮೇಲೆ ಅವಳು ಅರವತ್ತಕ್ಕೂ ಹೆಚ್ಚು ವರ್ಷ ಬದುಕಿ, 2005ರಲ್ಲಿ ತೀರಿಕೊಂಡಳು. ಅಲ್ಲಿ ಯಾವ ಪ್ಯಾನ್ ದೇವತೆಯೂ ಬರಲಿಲ್ಲ. ಇದ್ದವರು ತಿಳಿದವರು, ದೊಡ್ಡವರು, ಒಳ್ಳೆಯದಾಗಲೆಂದೇ ಬಯಸಿದವರು.

ಇದನ್ನು ಬಲ್ಲವರು ಮ್ಯಾಕನ್ನನ ಪುಸ್ತಕವನ್ನು ಮತ್ತೆ ಓದುವಾಗ ಹೆಲೆನಳ ಭಾಗವನ್ನು ಬೇಗ ಬೇಗ ದಾಟುತ್ತಾರೆ. ಮೊದಲ ಅಧ್ಯಾಯದಲ್ಲಿ ತಡೆದು ನಿಲ್ಲುತ್ತಾರೆ. ಮ್ಯಾಕನ್ ಬೇಕೆಂದೇ ಹಾಗೆ ಬರೆದನೆಂದು ಹೇಳಲಾಗದು. ಅವನ ಮನಸ್ಸೆಲ್ಲ ಕಾಡಿನ ಆ ದೇವತೆಯ ಮೇಲೆಯೇ ಇದ್ದಂತೆ ಕಾಣುತ್ತದೆ. ಆದರೂ ಅವನ ಲೇಖನಿ ಒಂದು ಕಡೆ ಮೇರಿಯನ್ನು ನೆನೆಯದೆ ಬಿಟ್ಟಿಲ್ಲ. ಎಷ್ಟೋ ವರ್ಷಗಳ ಮೇಲೆ ಗೆಳೆಯನೊಬ್ಬ ಹೆಲೆನಳ ರೇಖಾಚಿತ್ರವನ್ನು ಕ್ಲಾರ್ಕನ ಕೈಗೆ ಕೊಡುತ್ತಾನೆ. ಲಂಡನ್ನೆಲ್ಲ ಹೆದರುವ ಆ ಹೆಂಗಸಿನ ಮುಖವನ್ನು ನೋಡುತ್ತ ಕ್ಲಾರ್ಕ್ ಬಿಳಿಚಿಕೊಳ್ಳುತ್ತಾನೆ. ಅವನಿಗೆ ನೆನಪಾಗುವುದು ಬಹು ಹಿಂದಿನ ಒಂದು ಬೇಸಗೆಯ ಸಂಜೆ, ಆ ಪ್ರಯೋಗಶಾಲೆ, ಅಲ್ಲಿ ಕುರ್ಚಿಯ ಮೇಲೆ ಕಣ್ಣು ಮುಚ್ಚಿಕೊಂಡು ಒರಗಿದ ಹುಡುಗಿ.